ಯಂತ್ರ ಕಾಣದ ಮಾವನ ಟೆಲಿವಿಷನ್

ಸೇಡಂ ಊರಲ್ಲಿ ಮೊಟ್ಟಮೊದಲು ಟೆಲಿವಿಷನ್ ತಂದವರು ನಮ್ಮ ಸೋದರಮಾವ. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ, ನಿಜಾಮರ ಕಾಲದಲ್ಲೇ! ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೇ ಎಷ್ಟೋ ಸಲ ನಂಬಿಕೆ ಬರುವುದಿಲ್ಲ.

ಮಾವ ಮನೆಯ ಪಡಸಾಲೆಯಲ್ಲಿ ಪುಟ್ಟದೊಂದು ಕನ್ನಡ ಶಾಲೆ ನಡೆಸುತ್ತಿದ್ದರು. ಉಳಿದೆಡೆಯೆಲ್ಲ ಪಾಠ ಉರ್ದುವಿನಲ್ಲಿ. ಒಂದು ದಿನ ಪತ್ರ ಬಂತು: ಇನ್ಸ್ಪೆಕ್ಟರ್ ಸಾಹೇಬರು ಬರುತ್ತಾರೆ, ಕನ್ನಡದಲ್ಲಿ ವಿಜ್ಞಾನ ಕಲಿಸಲು ಬರುತ್ತದೆಯೋ ಇಲ್ಲವೋ ನೋಡುತ್ತಾರೆ, ಬಾರದಿದ್ದರೆ ಶಾಲೆ ಬಂದ್.

ಬುದ್ಧಿ ನೆಟ್ಟಗಿದ್ದವರು ಏನು ಮಾಡುತ್ತಿದ್ದರು? ನೀರು ಆವಿಯಾಗುವುದನ್ನು ಕಲಿಸಿ ಸುಮ್ಮನಾಗುತ್ತಿದ್ದರು. ಮಾವ ಹಿಡಿದದ್ದು ವಾಡಿ ಸ್ಟೇಷನ್ನಿನಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯನ್ನು. ಅದರಲ್ಲಿ ಟೆಲಿವಿಷನ್ ಬಗ್ಗೆ ಲೇಖನವಿತ್ತು. ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ಓದಿ ಹೇಳಿದೆ. ಕಿರಣವೊಂದು ಗೆರೆಯ ಕೆಳಗೆ ಗೆರೆ ಎಳೆಯುತ್ತ ಚಿತ್ರ ಬರೆಯುತ್ತದಂತೆ: ಸ್ಕ್ಯಾನಿಂಗ್, ಬ್ಲ್ಯಾಂಕಿಂಗ್, ಇಂಟರ್‌ಲೇಸಿಂಗ್... ನನಗೆಷ್ಟು ಅರ್ಥವಾಗಿತ್ತೋ ದೇವರೇ ಬಲ್ಲ.

"ಎಲ್ಲಾ ಬಿಟ್ಟು ಮಕ್ಕಳಿಗೆ ಇದನ್ನೇ ಕಲಸಾದು ಯಾಕ, ಮಾವಾ?"

"ಹೊಸಾದಕ್ಕ ಕನ್ನಡ ಸಿಕ್ರ, ಹಳೇದಕ್ಕ ಸಿಗಂಗಿಲ್ಲೇನು?"

ಮರುದಿನ ಮಾವ ಹೊಲದಲ್ಲಿ ಬೀಜ ಬಿತ್ತುವ ಕೂರಿಗೆಯ ಬದಿಗೆ ನೋಟ್‌ಬುಕ್ ಹಿಡಿದು ಓಡುತ್ತಿದ್ದರು!

"ಬಾಜೂ ಸರೀರಿ ಮಾಸ್ತರ್ರ, ಎತ್ತು ಬೆದರ್ತಾವ!" ಎಂದು ರೈತ ಕೂಗಿದ.

"ಹಿಂಗ ಈ ಕಡಿಂದ ಆ ಕಡಿಗೆ ಹೋಗಾದಕ್ಕ ಏನಂತಿ?"

"ಸಾಲು ಹೊಡಿಯಾದು ಅಂತೀವಿ. ನಿಮ್ಮನ್ಯಾಗ ಏನಂತಾರ?"

"ತಿರುಗಾಗ ಬೀಜ ಬಿಡಾದು ಯಾಕ ನಿಲ್ಲಿಸ್ತಿ?"

"ಬದುವಿನ ಮ್ಯಾಲ ಜ್ವಾಳ ಬೆಳೀಬೇಕೇನ್ರಿ? ದನಾ ತಿಂತಾವ!"

ಮಾವ ಕುಣಿದೇಬಿಟ್ಟರು. ಒಂದು ಗೆರೆ ಮುಗಿದು ಕಿರಣ ಹಿಂತಿರುಗುವಾಗ ಬೆಳಕನ್ನೇಕೆ ತಡೆಯುತ್ತಾರೆಂದು ಇಂಗ್ಲಿಷಿನವನು ಅರ್ಧ ಪುಟ ಬರೆದಿದ್ದ. ನಮ್ಮ ರೈತನಿಗೆ ಎರಡು ದನ ಸಾಕಾದವು. ಗೆರೆ ಬಿಟ್ಟು ಗೆರೆ ಬರೆದು ನಡುವೆ ಮತ್ತೆ ತುಂಬುವುದಕ್ಕೂ ಹೊಲದಲ್ಲೇ ಮಾತು ಸಿಕ್ಕಿತು: ಜೋಳದ ನಡುವೆ ತೊಗರಿ, ಅಕ್ಕಡಿ ಸಾಲು!

ಕಳಿಸುವ ಯಂತ್ರ, ತೋರಿಸುವ ಯಂತ್ರ ಎರಡೂ ಒಂದೇ ಲಯದಲ್ಲಿ ನಡೆಯಬೇಕಲ್ಲ, ಅದಕ್ಕೇನನ್ನಬೇಕು? ಮಾವ ಅಡುಗೆಮನೆಗೆ ನುಗ್ಗಿದರು. ಅಜ್ಜಿ, ಅತ್ತೆ ಇಬ್ಬರೂ ಒಂದೇ ಬೀಸುಕಲ್ಲಿಗೆ ಕೈಹಚ್ಚಿದ್ದರು.

"ನಿಂದ್ರಿ! ಮೊದಲ ಯಾರ ಕೈ ಹೋಗ್ತದ?"

"ನಿಮಗ ಹಿಟ್ಟು ಬೇಕೋ ಶಬ್ದ ಬೇಕೋ?" ಎಂದರು ಅತ್ತೆ.

"ಜೋಡಿಗೈ ಅಂತ ಬರಕೋಪಾ, ಬರಕೊಂಡು ಹೊರಗ ನಡಿ," ಎಂದರು ಅಜ್ಜಿ.

ಅಂದು ರೊಟ್ಟಿ ಆಗಲಿಲ್ಲ. ಮನೆಮಂದಿಯೆಲ್ಲ ಉಂಡದ್ದು ಶಬ್ದವನ್ನೇ!

ಇನ್ಸ್ಪೆಕ್ಟರ್ ಸಾಹೇಬರು ಬಂದರು. ನಮ್ಮ ಸೀಮೆಯವರೇ, ಕನ್ನಡ ಬಲ್ಲವರು. "ಹಾಡು, ಮಗ್ಗಿ ಎಲ್ಲಾ ಠೀಕ್ ಅದ ಮಾಸ್ತರ್. ಸೈನ್ಸ್ ಹ್ಯಾಂಗ?" ಎಂದರು.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದಳು. ಅವಳ ಲಂಗ ಹಸಿರೋ ಕೆಂಪೋ, ಪ್ರತಿಸಲವೂ ನನಗೆ ಬೇರೆ ಬಣ್ಣವೇ ನೆನಪಾಗುತ್ತದೆ. ಮಾತು ಮಾತ್ರ ಬದಲಾಗಿಲ್ಲ. "ಟೆಲಿವಿಷನ್ನಿನ್ಯಾಗ ದೂರದ ಚಿತ್ರ ಒಮ್ಮೆಗೇ ಬರಂಗಿಲ್ರಿ. ಬೆಳಕು ಸಾಲು ಹೊಡಕೋಂತ ಬರ್ತದ. ತಿರುವಿನ್ಯಾಗ ಬೆಳಕು ಬಿಡಬಾರದ್ರಿ. ಆಮ್ಯಾಲ ನಡುವ ಅಕ್ಕಡಿ ಸಾಲು. ಆ ಕಡಿ ಈ ಕಡಿ ಜೋಡಿಗೈ ತಪ್ಪಿದ್ರ ಮೂಗು ಕಿವಿ ಇದ್ದಲ್ಲಿ ಬರ್ತದ್ರಿ!"

ಸಾಹೇಬರು ಅವಳ ಕಡೆ ಬಾಗಿದರು.

"ನೀ ಟೆಲಿವಿಷನ್ ನೋಡೀಯೇನವ್ವಾ?"

"ಇಲ್ರಿ."

"ಮಾಸ್ತರ್, ನೀವು?"

"ಇಲ್ರಿ ಸಾಹೇಬ್ರ."

"ನಾನೂ ನೋಡಿಲ್ಲ. ಆದ್ರ ಈಗ ಸಮಜಾತು!" ಎಂದು ನಕ್ಕು, ಶಾಲೆ ನಡೆಯಲಿ ಎಂದು ಅಲ್ಲೇ ಬರೆದು ಸಹಿ ಹಾಕಿದರು.

ಮಕ್ಕಳು ಹೋದ ಮೇಲೆ ಮಾವ ಖಾಲಿ ಪಡಸಾಲೆಯಲ್ಲಿ ಒಬ್ಬರೇ ಕುಳಿತಿದ್ದರು. "ಮಾವಾ, ಗೆದ್ದಂಗಾತು!" ಎಂದೆ. ಅವರು ನಗಲಿಲ್ಲ.

"ಸೈನ್ಸ್ ಇಮ್ತಿಹಾನ್ದಾಗ ನಾ ಮೂರು ಸಲ ಫೇಲ್ ಆದಾಂವ, ನಿನಗ ಗೊತ್ತದೇನೋ? ಮೂರೂ ಸಲ ಉತ್ತರ ಗೊತ್ತಿತ್ತು. ಉರ್ದೂದಾಗ ಹೇಳಲಿಕ್ಕ ಮಾತೇ ಸಿಗಲಿಲ್ಲ."

ಆಮೇಲೆ ನನಗಲ್ಲವೇನೋ ಎಂಬಂತೆ ಮೆಲ್ಲಗೆ ಅಂದರು:

"ಆ ಕೂಸು ಒಂದು ಸಲಾನೂ ತಡವರಿಸಲಿಲ್ಲ, ನೋಡಿದ್ಯಾ?"