ಜಡ್ಜಮ್ಮನ ಹಾಡಿಗೆ ನನ್ನ ಇಮೇಲು

ಮೈಕು ಕೈಗೆ ಬಂದ ಕೂಡಲೇ "ದಯವಿಟ್ಟು ಎಲ್ಲರೂ ಶಾಂತವಾಗಿರಬೇಕು" ಎನ್ನುವುದು ಸಂಘದ ಕಾರ್ಯದರ್ಶಿಗಳ ಹುಟ್ಟುಗುಣ. ಅಮೆರಿಕದ ಬೇ ಏರಿಯಾದ ನಮ್ಮ ಪುಟ್ಟ ಕನ್ನಡ ಸಂಘದಲ್ಲಿ ನಾನು ಆ ಗುಣವನ್ನು ಮೂರು ವರ್ಷ ನೀರೆರೆದು ಬೆಳೆಸಿದ್ದೇನೆ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಅದು ಬೇರೆ ವಿಷಯ.

ಈ ಸಲ ರಾಜ್ಯೋತ್ಸವಕ್ಕೆ ಇಲ್ಲಿನ ನಮ್ಮೂರಿನ ಅಮೆರಿಕನ್ ನ್ಯಾಯಾಧೀಶೆಯನ್ನು ಮುಖ್ಯ ಅತಿಥಿಯಾಗಿ ಕರೆಯೋಣ ಎಂದವನು ನಾನೇ. ಆಕೆ ಮೊದಲು ನಗರಸಭೆಯ ಸದಸ್ಯೆ; ಬಸ್ ಸ್ಟಾಪಿಗೊಂದು ಬೆಂಚು ಹಾಕಿಸಲು ಎರಡು ವರ್ಷ ಜಗಳಾಡಿ ಗೆದ್ದವರು. ಈಗ ನ್ಯಾಯಪೀಠದಲ್ಲಿದ್ದಾರೆ. ಭಾನುವಾರ ಮಾತ್ರ ಕರಿಕೋಟು ಮನೆಯಲ್ಲಿಟ್ಟು ಚರ್ಚಿನಲ್ಲಿ ಗಾಸ್ಪೆಲ್ ಎಂಬ ಭಕ್ತಿಗೀತೆ ಹಾಡುತ್ತಾರೆ. "ಭಾಷಣ ಬೇಡ, ಒಂದು ಹಾಡು ಹಾಡ್ತೀನಿ" ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡರು. ನಮ್ಮ ಅಧ್ಯಕ್ಷರು ಮಾತ್ರ "ಹೆಚ್ಚುಕಮ್ಮಿ ಆದ್ರೆ ನೀವೇ ಜವಾಬ್ದಾರಿ ಕಣ್ರೀ" ಎಂದು ಮೊದಲೇ ಕೈ ತೊಳೆದುಕೊಂಡರು.

ಸರಿ, ಎಲ್ಲರಿಗೂ ಇಮೇಲು ಕಳಿಸಿದೆ: ಜಡ್ಜ್ ಬರುತ್ತಿದ್ದಾರೆ, ಕೆಮ್ಮೂ ಕೂಡದು. ಧಾರವಾಡದಿಂದ ಬಂದಿದ್ದ ಅವ್ವನಿಗೆ ಕಾರಿನಲ್ಲಿ ಪ್ರತ್ಯೇಕ ಎಚ್ಚರಿಕೆ. ಅಲ್ಲಿನ ಸಂಗೀತ ಕಛೇರಿಗಳಲ್ಲಿ ಮುಂದಿನ ಸಾಲಿನಿಂದ "ವಾಹ್ ವಾಹ್" ಎಂದು ಕೂಗದಿದ್ದರೆ ಆಕೆಗೆ ಹಾಡು ಕೇಳಿದ ಹಾಗೇ ಆಗುವುದಿಲ್ಲ.

"ಅವ್ವಾ, ಇಲ್ಲಿ ಮಾತ್ರ ಬಾಯಿ ಬಿಡಬ್ಯಾಡ."

"ಏನೋ ಮಾರಾಯ, ನಾವ್ ಹೊಂಟಿದ್ದು ಹಾಡಿಗೋ, ಕೋರ್ಟಿಗೋ?"

ಹಾಡು ಶುರುವಾಯಿತು. ಎಂಥ ಕಂಠ! ಒಂದು ಸಾಲು ಹಾಡಿ, ನಮ್ಮ ಕಡೆ ಕೈ ಚಾಚಿ, ಕಾದರು. ಇಡೀ ಸಭೆ ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಾಕುತ್ತ ಭಕ್ತಿಯಿಂದ ಕುಳಿತಿತ್ತು. ಇನ್ನೊಂದು ಸಾಲು, ಮತ್ತೆ ಮೌನ. ಗಾಸ್ಪೆಲಿನಲ್ಲಿ ಕೇಳುವವರು ಓಗೊಡದಿದ್ದರೆ ಹಾಡೇ ಮುಂದೆ ಹೋಗುವುದಿಲ್ಲವೆಂದು ನನಗೇನು ಗೊತ್ತು? "ನನ್ನ ಕೋರ್ಟಿನಲ್ಲೂ ಇಷ್ಟು ನಿಶ್ಶಬ್ದ ಇರಲ್ಲ" ಎಂದು ಆಕೆ ನಗಲು ನೋಡಿದರು. ದನಿ ಮಾತ್ರ ಸಣ್ಣದಾಗಿತ್ತು. ಪ್ರೀತಿಯಿಂದ ಹಾಡಲು ಬಂದವರನ್ನು ನಾವೆಲ್ಲ ಸೇರಿ ಅವಮಾನಿಸುತ್ತಿದ್ದೆವು, ಅದೂ ನನ್ನ ಇಮೇಲಿನ ಪ್ರಕಾರ.

ಮೂರನೆಯ ಸಾಲಿಗೆ ಅವ್ವನಿಗೆ ತಡೆಯಲಾಗಲಿಲ್ಲ. "ಭಲೇ! ವಾಹ್! ಹಾಡ ನನ್ನವ್ವಾ, ಹಾಡ!"

ಸೆರಗು ಜಗ್ಗಿದೆ, ನನ್ನ ಕೈಗೆ ಪಟ್ಟನೆ ಒಂದು ಕೊಟ್ಟಳು. ವೇದಿಕೆಯ ಮೇಲೆ ನ್ಯಾಯಾಧೀಶೆಯ ಮುಖ ಅರಳಿಬಿಟ್ಟಿತ್ತು. ಮುಂದಿನ ಸಾಲನ್ನು ಅವ್ವನಿಗೇ ಹಾಡಿದರು, ಅವ್ವ ಮತ್ತೆ "ಭಲೇ" ಎಂದಳು. ಹುಬ್ಬಳ್ಳಿಯವರೊಬ್ಬರು ದನಿ ಸೇರಿಸಿದರು, ಮೈಸೂರಿನವರೂ ಸಂಕೋಚ ಬಿಟ್ಟು ಚಪ್ಪಾಳೆ ತಟ್ಟಿದರು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ನಮ್ಮ ಮಕ್ಕಳು ಕುರ್ಚಿ ಬಿಟ್ಟೆದ್ದು "ಭಲೇ" ಎಂದು ಕೂಗಿದವು. ನನಗೆ ಕಣ್ಣು ತುಂಬಿ ಬಂತು. ಅಧ್ಯಕ್ಷರು ನನ್ನ ಪಕ್ಕಕ್ಕೆ ಬಂದು "ಐಡಿಯಾ ನಮ್ದೇ ಅಲ್ವೇನ್ರೀ" ಎಂದರು.

ಕೆಳಗಿಳಿದು ಬಂದ ನ್ಯಾಯಾಧೀಶೆ ಅವ್ವನ ಎರಡೂ ಕೈ ಹಿಡಿದು, ಭಾನುವಾರ ಚರ್ಚಿಗೆ ಬಂದು ಮುಂದಿನ ಸಾಲಿನಲ್ಲೇ ಕೂರಬೇಕೆಂದು ಕೇಳಿಕೊಂಡರು. ನಡುವೆ ನಾನು ದುಭಾಷಿ.

"ಬರ್ತೀನಿ ಅಂತ ಹೇಳು," ಎಂದಳು ಅವ್ವ. "ಆದ್ರ ಈ ನನ್ನ ಮಗನ್ನ ಮಾತ್ರ ಹೊರಗ ಕಾರಿನ್ಯಾಗ ಕೂಡಸ್ರಿ ಅಂತನೂ ಹೇಳು. ಒಳಗ ಬಂದ್ರ ದೇವರಿಗೂ ಸುಮ್ಮ ಕೂಡು ಅಂತಾನ."

"ಏನಂದ್ರು?" ಎಂದು ನ್ಯಾಯಾಧೀಶೆ ನನ್ನತ್ತ ತಿರುಗಿದರು. ಎದುರಿಗೆ ಜಡ್ಜು, ಪಕ್ಕದಲ್ಲಿ ಹೆತ್ತ ತಾಯಿ. ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ನನ್ನ ಮೇಲಿನ ದೂರನ್ನು ನಾನೇ, ಒಂದಕ್ಷರ ಬಿಡದೆ, ಒಳ್ಳೆಯ ಇಂಗ್ಲಿಷಿನಲ್ಲಿ ಒಪ್ಪಿಸಿದೆ.