ಗೂಡುದೀಪಕ್ಕೆ ಹನ್ನೆರಡು ತಡೆಗಳು

ಮಾನ್ಯ ಓದುಗ ಮಹಾಶಯರಲ್ಲಿ ಸವಿನಯ ವಿನಂತಿ. ಜ್ಞಾಪನ, ಸುತ್ತೋಲೆ ಮತ್ತು ರಜೆ ಅರ್ಜಿಗಳ ಹೊರತು ನಾನು ಇದುವರೆಗೆ ಏನನ್ನೂ ಬರೆದವನಲ್ಲ. ಆದಕಾರಣ ಅಕ್ಷರಗಳು ಸಾಲು ಬಿಟ್ಟು ಇಳಿದಿರುವುದನ್ನೂ, ಅಲ್ಪಪ್ರಾಣ ಮಹಾಪ್ರಾಣಗಳು ಪರಸ್ಪರ ವರ್ಗಾವಣೆಗೊಂಡಿರುವುದನ್ನೂ ದೊಡ್ಡ ಮನಸ್ಸಿನಿಂದ ಮನ್ನಿಸಬೇಕಾಗಿ ಕೋರುತ್ತೇನೆ. ಕಚೇರಿಯೊಂದರ ರವಾನೆ ವಿಭಾಗದಲ್ಲಿ ನನಗೆ ಇಪ್ಪತ್ತೆರಡು ವರ್ಷಗಳ ಸೇವೆಯಾಗಿದೆ. ಯಾವ ಕಡತವೂ ನೆಟ್ಟಗೆ ಹೋಗಬಾರದು, ಪ್ರತಿ ಮೇಜಿನಲ್ಲೂ ಸ್ವಲ್ಪ ಹೊತ್ತು ಕುಳಿತು ಏಳಬೇಕು ಎಂಬುದು ನನ್ನ ರಕ್ತದಲ್ಲಿ ಸೇರಿಹೋಗಿದೆ. ಈ ಗುಣ ಮನೆಯ ವಿದ್ಯುತ್ತಿಗೂ ತಗುಲಿದ ಬಗೆಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ದೇರೆಬೈಲಿನ ನಮ್ಮ ಓಣಿಯ ನಿವಾಸಿಗಳ ಸಂಘವು ಪ್ರತಿ ದೀಪಾವಳಿಗೆ ಗೂಡುದೀಪ ಸ್ಪರ್ಧೆ ನಡೆಸುತ್ತದೆ. ನನ್ನ ಪತ್ನಿ ಸುಜಾತಳ ಗೂಡುದೀಪಕ್ಕೆ ಸತತ ಮೂರು ವರ್ಷ ದ್ವಿತೀಯ ಬಹುಮಾನ ಬಂದಿದೆ. ದ್ವಿತೀಯ ಬಹುಮಾನವೆಂಬುದು ಎಷ್ಟು ದೊಡ್ಡ ಅವಮಾನವೆಂದು ಅದನ್ನು ಮೂರು ಸಲ ಪಡೆದವರೇ ಬಲ್ಲರು. ಈ ವರ್ಷ ಆಕೆ ತಿಂಗಳಿಡೀ ಬಿದಿರು ಸೀಳಿ, ತೆಳುಗಾಗದ ಅಂಟಿಸಿ, ತಾವರೆಯಾಕಾರದ ಗೂಡುದೀಪ ಕಟ್ಟಿದಳು. “ಬಲ್ಬಿನ ಕೆಲಸ ನಿಮ್ಮದು. ಈ ಸಲವೂ ಹೋದ್ರೆ ಇನ್ನು ನಾನು ಬಿದಿರು ಮುಟ್ಟುದಿಲ್ಲ, ಹೇಳಿದ್ದೇನೆ” ಎಂದು ಅಂತಿಮ ನೋಟಿಸನ್ನೂ ಜಾರಿ ಮಾಡಿದಳು.

ಪಂಪ್‌ವೆಲ್ ಬಳಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿರುವ ಹಮೀದಾಕ ಹನ್ನೆರಡು ಎಲ್‌ಇಡಿ ಬಲ್ಬುಗಳನ್ನೂ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಹಳದಿ ನೇರಳೆ ಕಂದು ಪಟ್ಟಿಗಳಿರುವ ಹನ್ನೆರಡು ರೆಸಿಸ್ಟರ್‌ಗಳನ್ನೂ, ಅಂದರೆ ಕರೆಂಟಿನ ತಡೆಗಳನ್ನೂ, ಪೊಟ್ಟಣ ಕಟ್ಟಿಕೊಟ್ಟರು. “ನಾಲ್ಕುನೂರ ಎಪ್ಪತ್ತು ಓಮ್‌ದು. ಮನೆಯ ಒಂಬತ್ತು ವೋಲ್ಟಿನ ಅಡಾಪ್ಟರಿಗೆ ಸಾಕು. ಇದಿಲ್ಲದೆ ಕೊಟ್ರೆ ಬಲ್ಬು ಹೋಯ್ತು, ಗೊತ್ತುಂಟಲ್ಲ?” ಎಂದರು. ಗೊತ್ತುಂಟೆಂದೆ. ಗೊತ್ತಿರಲಿಲ್ಲ.

ಮನೆಗೆ ಬಂದು ಒಂದು ಬಲ್ಬನ್ನು ಅಡಾಪ್ಟರಿಗೆ ನೇರವಾಗಿ ಕೊಟ್ಟು ನೋಡಿದೆ. ಅದು ಕಣ್ಣು ಕೋರೈಸುವಂತೆ ಒಮ್ಮೆ ಬೆಳಗಿ, ಸಣ್ಣ ವಾಸನೆಯೊಂದನ್ನು ಬಿಟ್ಟು, ಸೇವೆಯಿಂದ ನಿವೃತ್ತವಾಯಿತು. ಒಂದು ರೆಸಿಸ್ಟರ್ ಒಂದು ಬಲ್ಬನ್ನು ಕಾಯುವುದಾದರೆ, ಹನ್ನೆರಡೂ ಸೇರಿ ಎಲ್ಲವನ್ನೂ ಎಷ್ಟು ಭದ್ರವಾಗಿ ಕಾಯಲಿಕ್ಕಿಲ್ಲ! ಆದ್ದರಿಂದ ಹನ್ನೆರಡನ್ನೂ ಒಂದರ ಬಾಲಕ್ಕೊಂದು ಕಟ್ಟಿ, ಸೂಕ್ತ ಮಾರ್ಗದ ಮೂಲಕ ಕರೆಂಟನ್ನು ಸಾಗಿಸಿ, ಕೊನೆಯಲ್ಲಿ ಉಳಿದ ಹನ್ನೊಂದು ಬಲ್ಬುಗಳನ್ನೂ ಅಕ್ಕಪಕ್ಕ ಜೋಡಿಸಿದೆ.

ಸ್ಪರ್ಧೆಯ ಸಂಜೆ ಸ್ವಿಚ್ಚು ಒತ್ತಿದರೆ ತಾವರೆ ಕತ್ತಲಾಗಿಯೇ ಇತ್ತು. ಕಾಗದ ಸರಿಸಿ ಇಣುಕಿದಾಗ ಬಲ್ಬುಗಳೊಳಗೆ ಬೆಳಕಿನ ಗುಮಾನಿಯಷ್ಟೇ ಕಂಡಿತು.

“ಇದೆಂತ ಮಾರಾಯ್ರೆ, ಉರಿಯುತ್ತಾ ಉಂಟಾ?” ಎಂದಳು ಸುಜಾತ.

“ಪರಿಶೀಲನೆಯಲ್ಲಿದೆ” ಎಂದೆ.

ತೀರ್ಪುಗಾರರು ಆಗಲೇ ಎರಡು ಮನೆಯಾಚೆ ಇದ್ದರು. ಆಕೆ ಹಮೀದಾಕನಿಗೆ ಫೋನು ಹಚ್ಚಿ ನನ್ನ ಕಾಮಗಾರಿಯನ್ನು ವಿವರಿಸಿದಳು. ಸ್ಪೀಕರಿನಲ್ಲಿ ಜೋರು ನಗು ಕೇಳಿತು.

“ಅಯ್ಯೋ ಅಕ್ಕಾ, ಸಾಲಾಗಿ ಕಟ್ಟಿದ್ರೆ ತಡೆಯೆಲ್ಲ ಕೂಡಿಕೊಳ್ತದೆ! ಐದು ಸಾವಿರದ ಆರುನೂರ ನಲವತ್ತು ಓಮ್! ಕರೆಂಟು ಪಾಪ, ಹನ್ನೆರಡು ಮೇಜು ಸುತ್ತಿ ಬಂದು, ಉಳಿದ ಚೂರನ್ನು ಹನ್ನೊಂದು ಮಂದಿಗೆ ಹಂಚಬೇಕಲ್ಲ? ಒಂದೊಂದು ಬಲ್ಬಿಗೆ ಒಂದೊಂದು ರೆಸಿಸ್ಟರ್ ಕೊಡಿ. ಆಮೇಲೆ ಆ ಜೋಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಕೌಂಟರ್ ತೆರೆದ ಹಾಗೆ.”

ಮೊದಲು ಒಂದು ನಕ್ಷೆ ಬರೆದುಕೊಳ್ಳೋಣವೆಂದು ನಾನು ಕಾಗದ ಹುಡುಕತೊಡಗಿದೆ. ಸುಜಾತ ಪ್ಲಗ್ಗು ಕಿತ್ತು, ಗೂಡುದೀಪವನ್ನು ಒಳಗೆ ಒಯ್ದು, ಕತ್ತರಿ ಹಿಡಿದು ನೆಲಕ್ಕೆ ಕುಳಿತಳು. “ನೀವು ವಯರಿನ ಹತ್ತಿರ ಬರ್ಬೇಡಿ. ಗೇಟಿಗೆ ಹೋಗಿ ಅವರನ್ನು ನಿಲ್ಲಿಸಿ. ನಿಮ್ಮಿಂದ ಆಗುವ ಕೆಲಸ ಅದೊಂದೇ.”

ಆಕೆ ಹೇಳಿದ್ದು ನಿಜವಾಗಿತ್ತು. ಮೂವರು ತೀರ್ಪುಗಾರರು ಗೇಟಿಗೆ ಬಂದೊಡನೆ ಕೈಮುಗಿದು ಜಗಲಿಯಲ್ಲಿ ಕೂರಿಸಿದೆ. ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಹಾಗಾಗಿ ಮೊದಲು ನೀರು ತಂದೆ, ಮತ್ತೆ ಒಳಗೆ ಹೋಗಿ ಬೆಲ್ಲ ತಂದೆ, ಮತ್ತೆ ಹೋಗಿ ತಟ್ಟೆ ತಂದೆ. ಅವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆಸಿ, ಬಂದ ವೇಳೆಯನ್ನು ನಮೂದಿಸಿ, ಸಹಿ ಪಡೆದೆ. “ಎಂತಕ್ಕೆ ಇದು?” ಎಂದು ಒಬ್ಬರು ಕೇಳಿದರು. “ದಾಖಲೆಗೆ” ಎಂದೆ. ಅವರಲ್ಲೊಬ್ಬರಾದ ನಿವೃತ್ತ ಡ್ರಾಯಿಂಗ್ ಮಾಸ್ಟ್ರ ಮೂಲ ಮನೆ ಎಲ್ಲಿಯೆಂದು ಶುರು ಮಾಡಿ, ಅವರ ಅತ್ತಿಗೆಯ ತಮ್ಮ ನನ್ನ ಭಾವನಿಗೆ ಹೇಗೋ ಬಂಧುವಾಗುವವರೆಗೂ ಬಿಡಲಿಲ್ಲ. ಅರ್ಧ ಗಂಟೆ ಕಳೆಯಿತು. ನನ್ನ ಅಂಗಿ ಒದ್ದೆಯಾಗಿ, ಕಿವಿಗಳು ಬಿಸಿಯಾಗಿದ್ದವು. ಕೆಲಸ ಮಾಡುವಾಗ ರೆಸಿಸ್ಟರ್ ಬಿಸಿಯಾಗುತ್ತದೆಂದು ಹಮೀದಾಕ ನಂತರ ಹೇಳಿದರು. ನಾನು ಅದನ್ನು ಖುದ್ದಾಗಿ ದೃಢೀಕರಿಸಿದೆ.

ಮಾಸ್ಟ್ರು “ಇನ್ನು ಹೊರಡ್ತೇವೆ ಮಾರಾಯ್ರೆ” ಎಂದು ಏಳುವಷ್ಟರಲ್ಲಿ, ಸುಜಾತ ಗೂಡುದೀಪವನ್ನು ತಂದು ನೇತುಹಾಕಿ ಸ್ವಿಚ್ಚು ಒತ್ತಿದಳು; ತಲೆಯ ಮೇಲೆ ತಾವರೆ ಫಕ್ಕನೆ ಅರಳಿತು. ಏಳಹೊರಟ ಮೂವರೂ ಮತ್ತೆ ಕುಳಿತರು.

ಪ್ರಥಮ ಬಹುಮಾನ ನಮ್ಮದೇ ಆಯಿತು. ಕಾರಣ ಕೇಳಿದ್ದಕ್ಕೆ ಮಾಸ್ಟ್ರು, “ಉಳಿದದ್ದನ್ನೆಲ್ಲ ನಿಂತು ನೋಡಿದ್ದು, ಇದೊಂದನ್ನು ಕೂತು ನೋಡಿದ್ದು” ಎಂದರು. ಸುಜಾತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬರುವ ವರ್ಷವೂ ಗೇಟಿನಲ್ಲೇ ನಿಲ್ಲಿ” ಎಂದಳು. ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ನನಗೆ ದೊರೆತ ಮೊದಲ ಪ್ರಶಂಸಾ ಪತ್ರವಿದು.

ಮೇಲ್ಕಂಡ ಬರಹದಲ್ಲಿ ವಿಜ್ಞಾನದ್ದಾಗಲಿ ಕಾಗುಣಿತದ್ದಾಗಲಿ ತಪ್ಪುಗಳು ಕಣ್ಣಿಗೆ ಬಿದ್ದಲ್ಲಿ, ಓದುಗರು ಕೈಯಲ್ಲಿರುವ ಪೆನ್ನಿನಿಂದಲೇ ತಿದ್ದಿಬಿಡಬೇಕಾಗಿ ಪ್ರಾರ್ಥನೆ. ಈ ಒಂದು ಕಾರ್ಯಕ್ಕೆ ನನ್ನ ಕಡೆಯಿಂದ ಯಾವುದೇ ತಡೆ ಇರುವುದಿಲ್ಲವೆಂದು ಪ್ರಮಾಣೀಕರಿಸುತ್ತೇನೆ.