ಬೊಮ್ಮಕ್ಕ ಕಡಲಾಮೆ ಮರಿ ಸಾಕಿದ್ದು

ಕಡಲಾಮೆಗಳ ಸುದ್ದಿ ಬೊಮ್ಮಕ್ಕನ ಕಿವಿಗೆ ಮೊದಲು ಬಿದ್ದದ್ದು ಎಪ್ಪತ್ತನಾಲ್ಕನೆಯ ಇಸವಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ದಿನ. ಅತ್ತೆ ಕೆಂಚಕ್ಕನ ತಮ್ಮ ಮುರುಗಪ್ಪ ಹೊನ್ನಾವರದ ಆಚೆ ಸಮುದ್ರದ ದಂಡೆಯ ಊರೊಂದರಲ್ಲಿ ಸರ್ಕಾರಿ ಜವಾನನಾಗಿದ್ದ. ರಜೆ ಹಾಕಿ ಹೊಸದುರ್ಗದ ಪಕ್ಕದ ಅಕ್ಕನ ಹಳ್ಳಿಗೆ ಬಂದವನು, ಉಣ್ಣೆಯ ರಾಶಿಗೆ ಒರಗಿ ಕುಳಿತು ಕಥೆ ಬಿಡುತ್ತಿದ್ದ.

"ರಾಗಿ ಕೇರೋ ಮೊರ ಐತಲ್ಲ, ಅದಕ್ಕಿಂತ ದೊಡ್ಡದು ಕಣಮ್ಮ. ದಂಡೆಗೆ ಬಂದು ಮಳಲಾಗೆ ಗುಂಡಿ ತೋಡಿ, ನೂರು ಮೊಟ್ಟೆ ಇಟ್ಟು, ಮುಚ್ಚಿ ಹೊಂಟೋತದೆ."

"ತಿರುಗಿ ಯಾವಾಗ ಬರ್ತದೆ ಮಾವ?"

"ಬರಲ್ಲ."

"ಮರಿ ಮುಖ ನೋಡಾಕೂ ಬರಲ್ವಾ?"

"ಇಲ್ಲ. ಇಟ್ಟಿದ್ದಷ್ಟೇ ಅದರ ಕೆಲಸ."

ಕುರಿಯ ಕಾಲು ಹಿಡಿದಿದ್ದ ಬೊಮ್ಮಕ್ಕನ ಕೈ ಸಡಿಲವಾಯಿತು. ಅರ್ಧ ಬೋಳಾದ ಕುರಿ ಎದ್ದು ಓಡಿತು. ಅದನ್ನು ಯಾರು ಹಿಡಿಯಬೇಕೆಂದು ಅವಳು ಯೋಚಿಸಲೂ ಇಲ್ಲ. ತಾಯಿ ಸತ್ತ ಮರಿ, ತಾಯಿ ಒದ್ದು ಅಟ್ಟಿದ ಮರಿ, ಹಟ್ಟಿಯ ಯಾವ ಮರಿಯೇ ಆಗಲಿ, ಕೊನೆಗೆ ಬಂದು ಸೇರುತ್ತಿದ್ದದ್ದು ಅವಳ ಮಡಿಲನ್ನು. ಹತ್ತಿಬತ್ತಿಯನ್ನು ಹಾಲಿಗೆ ಅದ್ದಿ ಬಾಯಿಗಿಟ್ಟು, ಬಿದಿರಿನ ಮಂಕರಿ ಕವುಚಿ ಬೆಚ್ಚಗೆ ಮಲಗಿಸಿ, ನಾಲ್ಕು ಕಾಲಿನ ಮೇಲೆ ನಿಲ್ಲಿಸಿಯೇ ಅವಳು ಬಿಡುತ್ತಿದ್ದಳು.

"ಇವತ್ತಿನ ತನಕ ನನ್ನ ಕೈಯಾಗೆ ಒಂದು ತಬ್ಬಲಿನೂ ಸತ್ತಿಲ್ಲ. ಆ ಮರಿಗಳನ್ನ ನನಗೆ ಕೊಡ್ರಿ ಮಾವ, ಸಾಕಿ ತೋರಿಸ್ತೀನಿ," ಎಂದು ಘೋಷಿಸಿದಳು.

ಗಂಡ ಪಾಲಯ್ಯ ಕತ್ತರಿ ಒರೆಸುತ್ತ ಕೇಳಿದ. "ಸಾಕಿ? ಉಣ್ಣೆ ಕತ್ತರಿಸ್ತೀಯಾ?"

ಶಿವರಾತ್ರಿ ಕಳೆಯಿತು. ಮಂದೆಯನ್ನು ಮೈದುನ ದಾಸಣ್ಣನಿಗೆ ಒಪ್ಪಿಸಿ, ರೊಟ್ಟಿ ಬುತ್ತಿ, ಒಂದು ಕರಿಕಂಬಳಿ, ಕೆಂಚಕ್ಕನ ಎಲೆ ಅಡಿಕೆ ಚೀಲ, ಇಷ್ಟರೊಂದಿಗೆ ಗಂಡ, ಹೆಂಡತಿ, ಅತ್ತೆ ಮೂವರೂ ಹೊರಟರು. ಮೂರು ಬಸ್ಸು ಬದಲಾಯಿಸಿ, ಘಟ್ಟ ಇಳಿದು, ಮುರುಗಪ್ಪನ ಒಂದೇ ಕೋಣೆಯ ಮನೆ ತಲುಪುವ ಹೊತ್ತಿಗೆ ಕೆಂಚಕ್ಕನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಆದರೆ ಸಮುದ್ರ ಕಂಡದ್ದೇ ತಡ, ಮುದುಕಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು.

ಎರಡು ದಿನ ಅವರಿಗೆ ಅನ್ನ ನೀರಿನ ನೆನಪಿರಲಿಲ್ಲ. ಕರಿಬೆನ್ನಿನ ದೊಡ್ಡ ಮೀನುಗಳು ಅಲೆಯಿಂದ ಮೇಲೆ ಹಾರಿ ಮುಳುಗುವಾಗ ಪಾಲಯ್ಯ, ಹೋತಗಳು ಬೇಲಿ ಹಾರಿದಂತೆ ಕಂಡು, ತನಗೇ ಗೊತ್ತಿಲ್ಲದೆ ಸಿಳ್ಳೆ ಹಾಕಿದ. ಹತ್ತಿರ ಹೋದೊಡನೆ ಬಿಲ ಸೇರುವ ಕೆಂಪು ಏಡಿಗಳನ್ನು ನೋಡಿ ಕೆಂಚಕ್ಕ, "ಇವು ನಮ್ಮೂರ ಶಾನುಭೋಗ ಇದ್ದಂಗೆ ಅವೆ. ಕೆಲಸ ಐತೆ ಅಂತ ಹೋದ್ರೆ ಒಳಗೆ ಸೇರ್ಕಂತವೆ," ಅಂದಳು. ಬೊಮ್ಮಕ್ಕ ಮಾತ್ರ ಎಲ್ಲೇ ನಿಂತರೂ ಮರಳನ್ನೇ ನೋಡುತ್ತಿದ್ದಳು.

ಮೂರನೆಯ ದಿನ ಬೆಳಕು ಹರಿಯುವಾಗ ಮುರುಗಪ್ಪ ಆಗಲೇ ಕೆಲಸಕ್ಕೆ ಹೋಗಿದ್ದ. ಗಂಡ ಹೆಂಡತಿ ದಂಡೆಗೆ ಬಂದರು. ಒಂದು ಕಡೆ ಮರಳು ಕುದಿಯುವ ಅಂಬಲಿಯಂತೆ ಕದಲಿತು. ಅದರೊಳಗಿಂದ ಬೆಲ್ಲದ ಸಣ್ಣ ಬಿಲ್ಲೆಯಷ್ಟಿದ್ದ ಕಪ್ಪು ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ದೋಣಿಯ ಹುಟ್ಟುಗಳಂಥ ಕಾಲು ಬಡಿಯುತ್ತ, ಯಾರೋ ಕರೆದಂತೆ ನೇರ ಸಮುದ್ರಕ್ಕೆ ಹೊರಟವು.

"ಅಯ್ಯೋ, ನೀರಿಗೆ ಬೀಳ್ತಾವೆ! ಅಡ್ಡ ಹಾಕ್ರಿ!"

ಪಾಲಯ್ಯ ಕಂಬಳಿಯನ್ನು ಬೇಲಿಯಂತೆ ಚಾಚಿ ಹಿಡಿದು, ಕುರಿ ತಿರುಗಿಸುವ ಕೂಗು ಹಾಕಿದ. ಮರಿಗಳು ಯಾವ ಕೂಗಿಗೂ ಕಿವಿಗೊಡದೆ ಕಂಬಳಿಯ ಅಡಿಯಲ್ಲಿ ನುಸುಳಿದವು. ಒಂದು ಅಲೆ ಬಂದು ಐದಾರನ್ನು ಎತ್ತಿಕೊಂಡು ಹೋಯಿತು. ಬೊಮ್ಮಕ್ಕ ಎದೆ ಬಡಿದುಕೊಂಡಳು. "ಹೋದ್ವು, ಕಣ್ಣೆದುರಿಗೇ ಹೋದ್ವು." ಸೆರಗು ಒಡ್ಡಿ, ಓಡಿ, ಬಿದ್ದು, ಎದ್ದು, ಉಳಿದವನ್ನೆಲ್ಲ ಬಾಚಿಕೊಂಡಳು. ಕುರಿ ಎಣಿಸುವ ಜೋಡಿ ಲೆಕ್ಕದಲ್ಲಿ ಮೂವತ್ತೊಂದು ಜೋಡಿ, ಮೇಲೊಂದು.

ಮನೆಯಲ್ಲಿ ಅವುಗಳ ಮೇಲೆ ಮಂಕರಿ ಕವುಚಿ, ಮುರುಗಪ್ಪನ ಚಹಾದ ಹಾಲಿಗೆ ಬತ್ತಿ ಅದ್ದಿ, ಬಾಣಂತನ ಆರಂಭವಾಯಿತು. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ಬತ್ತಿ ತೋರಿಸಿದಳು. ಮರಿಗಳು ಬಾಯಿ ಬಿಡಲೇ ಇಲ್ಲ.

"ಬಾಯಿ ಮುಚ್ಕಂಡು ಇರಾದು ಬಲ್ಲವು. ನಿನ್ನ ತವರಿನ ಕಡೇವಂತೂ ಅಲ್ಲ," ಅಂದ ಪಾಲಯ್ಯ.

"ಸುಮ್ನೆ ಇರ್ರಿ. ನನ್ನ ಕೈಯಾಗೆ ಒಂದು ಸತ್ತರೂ ನಾನು ಊರಿಗೆ ಹೆಂಗೆ ಬರ್ಲಿ?"

ಅಷ್ಟರಲ್ಲಿ ಒಲೆಯ ಕಡೆ ಹೋಗುತ್ತಿದ್ದ ಕೆಂಚಕ್ಕ ಮಂಕರಿಯನ್ನು ಎಡವಿದಳು. ಒಂದೇ ಕೋಣೆಯಲ್ಲಿ ಅರವತ್ತಕ್ಕೂ ಮೇಲ್ಪಟ್ಟ ಮರಿಗಳು ಚೆದುರಿದವು. ಮುರುಗಪ್ಪನ ಖಾಕಿ ಪ್ಯಾಂಟಿನ ಕಾಲೊಳಗೆ ಎರಡು ಹೊಕ್ಕವು, ಅಕ್ಕಿ ಹಿಟ್ಟಿನಲ್ಲಿ ಮುಳುಗಿ ಒಂದು ಬೆಳ್ಳಗಾಯಿತು. ಮೂವರೂ ಮೊಣಕಾಲೂರಿ ಹರಿದಾಡುತ್ತ ಒಬ್ಬರ ತಲೆಗೆ ಒಬ್ಬರು ಡಿಕ್ಕಿ ಹೊಡೆದರು. ಆದರೆ ಬೊಮ್ಮಕ್ಕನಿಗೆ ಒಂದು ಸಂಗತಿ ಕಂಡಿತು. ಎತ್ತ ಬಿಟ್ಟರೂ ಮರಿಗಳು ತಿರುತಿರುಗಿ ಸಮುದ್ರದ ಕಡೆಯ ಪಡುವಣ ಗೋಡೆಗೇ ಮೂತಿ ಇಟ್ಟು ಕಾಲು ಬಡಿಯುತ್ತಿದ್ದವು. ಬೇಸಿಗೆಯಲ್ಲಿ ನೀರಿನ ವಾಸನೆ ಹಿಡಿದ ಕುರಿಗಳು ಹೀಗೆಯೇ ಮಾಡುವುದನ್ನು ಅವಳು ನೋಡಿದ್ದಳು. ಕೈಯಲ್ಲಿದ್ದ ಬತ್ತಿ ಕೆಳಗೆ ಬಿತ್ತು.

"ಮೀನು ಬೇಕಾ?" ಎನ್ನುತ್ತ, ತಲೆಯ ಮೇಲೆ ಬುಟ್ಟಿ ಹೊತ್ತ ಮೀನುಗಾರ ಹೆಂಗಸೊಬ್ಬಳು ಬಾಗಿಲಿಗೆ ಬಂದವಳು ಹಾಗೆಯೇ ನಿಂತಳು. "ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?"

"ತಬ್ಬಲಿಗಳು ಅಕ್ಕ. ಸಮುದ್ರಕ್ಕೆ ಬಿದ್ದು ಸಾಯ್ತಿದ್ವು. ಉಳಿಸ್ಕಂಡು ಬಂದೆ. ಹಾಲೇ ಕುಡಿಯಾಕಿಲ್ಲ ಅಂತಾವೆ."

ಹೆಂಗಸು ಬುಟ್ಟಿ ಇಳಿಸಿ, ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅವುಕ್ಕೆ ಸಮುದ್ರವೇ ಮನೆ, ತಂಗಿ. ಮೀನು ಮುಳುಗ್ತದೆ ಅಂತ ಹೇಳಿ ಯಾರಾದ್ರೂ ಮೇಲೆ ಎತ್ತಿ ಇಡ್ತಾರಾ?" ಆಮೇಲೆ ನಗು ನಿಲ್ಲಿಸಿ ಹೊರಗೆ ನೋಡಿದಳು. "ಬಿಸಿಲು ಏರ್ತಾ ಉಂಟು. ಒಣಗಿದ್ರೆ ಸಾಯ್ತವೆ. ಏಳಿ, ಬೇಗ."

ಮಂಕರಿ ಹೊತ್ತು ಬೊಮ್ಮಕ್ಕ ಓಡಿದ ಓಟವನ್ನು ಆ ಕೇರಿಯವರು ಬಹಳ ದಿನ ಆಡಿಕೊಂಡರಂತೆ. ದಂಡೆಯಲ್ಲಿ ಕಾಗೆ, ಹದ್ದುಗಳು ಕಾದು ಕುಳಿತಿದ್ದವು. ಪಾಲಯ್ಯನೂ ಬೊಮ್ಮಕ್ಕನೂ ಕಂಬಳಿಯನ್ನು ಚಪ್ಪರದಂತೆ ಬಗ್ಗಿ ಹಿಡಿದರು. ಅದರ ನೆರಳಲ್ಲಿ ಮರಿಗಳ ಮೆರವಣಿಗೆ ಸಾಗಿತು. ಕೆಂಚಕ್ಕ ಕೋಲು ಬೀಸುತ್ತ ಹದ್ದುಗಳ ವಂಶವನ್ನೆಲ್ಲ ಬೈದಳು. ಮೀನುಗಾರ ಹೆಂಗಸು ಬುಟ್ಟಿಯಿಂದ ಎರಡು ಬೊಗಸೆ ಸಣ್ಣಮೀನು ತೆಗೆದು ದೂರಕ್ಕೆ ಎರಚಿದಳು. ಕಾಗೆಗಳೆಲ್ಲ ಅತ್ತ ಹಾರಿದವು. ಅಲೆ ಬಂದು ಮುಟ್ಟಿದೊಡನೆ, ಅಷ್ಟು ಹೊತ್ತು ಏಗಿದ ಮರಿಗಳು ಬಾಣದಂತೆ ಈಜಿ ಹೋದವು. ಬೊಮ್ಮಕ್ಕ ಕುಣಿಯುತ್ತ ಎಣಿಸಿದಳು. ಮೂವತ್ತೊಂದು ಜೋಡಿ. ಮೇಲಿನದೊಂದು ಇಲ್ಲ.

ಅವಳ ಮುಖ ಕಪ್ಪಿಟ್ಟಿತು. ಮಂಕರಿ ಝಾಡಿಸಿದಳು, ಕಂಬಳಿ ಕೊಡವಿದಳು, ಗಂಡನ ರುಮಾಲು ಬಿಚ್ಚಿಸಿದಳು. ಆಮೇಲೆ ಕಣ್ಣು ಅತ್ತೆಯ ಸೊಂಟದ ಮೇಲೆ ನಿಂತಿತು.

"ಅತ್ತೆ, ನಿಮ್ಮ ಚೀಲ ನಡೀತೈತೆ."

"ಎಲೆ ಅಡಿಕೆ ಕಣೆ."

"ಎಲೆ ಅಡಿಕೆಗೆ ಕಾಲು ಯಾವಾಗ ಬಂದ್ವು?"

ಕೆಂಚಕ್ಕ ಚೀಲ ಬಿಚ್ಚಿದಳು. "ಊರಾಗೆ ಆ ಪಕ್ಕದ ಮನೆ ಏಕಾಂತಮ್ಮ ನಾನು ಹೇಳಿದ್ದು ಒಂದೂ ನಂಬಲ್ಲ. ತೋರಿಸಿ ವಾಪಸ್ ಕಳಿಸ್ತಿದ್ದೆ."

"ಯಾವ ಬಸ್ಸಿಗೆ?" ಅಂದ ಪಾಲಯ್ಯ.

ಸುಣ್ಣ ಮೆತ್ತಿದ ಮರಿಯನ್ನು ಬೊಮ್ಮಕ್ಕ ತೊಳೆದು ಬಿಟ್ಟಳು. ಅಲೆ ಅದನ್ನು ಎರಡು ಸಲ ತಂದು ಅವಳ ಪಾದದ ಮೇಲೆಯೇ ಹಾಕಿತು. ಅವಳು ಅಲುಗಲಿಲ್ಲ, ಕೈ ಚಾಚಲೂ ಇಲ್ಲ. ಮೂರನೆಯ ಅಲೆಯಲ್ಲಿ ಅದು ತಾನೇ ಹೋಯಿತು.

ಮರುದಿನ ಬಸ್ಸು ಹೊರಡುವಾಗ ಆ ಹೆಂಗಸು ಒಣಸಿಗಡಿಯ ಪೊಟ್ಟಣ ಹಿಡಿದು ಬಂದಳು. ಕಿಟಕಿಯಿಂದ ಬೊಮ್ಮಕ್ಕನ ಕೈ ಹಿಡಿದು, "ತಂಗಿ, ಒಂದು ಮಾತು ನಡೆಸಿಕೊಡ್ತೀಯಾ?" ಎಂದು ಕೇಳಿದಳು.

ಬೊಮ್ಮಕ್ಕನಿಗೆ ಎರಡು ಬೊಗಸೆ ಮೀನಿನ ಋಣ ನೆನಪಾಯಿತು. ಒಂದು ಕಂಬಳಿಯೇ ಕೇಳಲಿ, ಕುರಿಮರಿಯೇ ಕೇಳಲಿ, ಇಲ್ಲವೆನ್ನಬಾರದು ಅಂದುಕೊಂಡಳು. "ಕೇಳಕ್ಕ, ಏನು ಬೇಕಾದ್ರೂ ಕೇಳು."

"ಮುಂದಿನ ಸಲ ಬರೂದಿದ್ರೆ ಎರಡು ತಿಂಗ್ಳು ಮೊದ್ಲೇ ಒಂದು ಕಾಗ್ದ ಹಾಕು. ಆಮೆಗಳಿಗೆ ಬೇರೆ ಊರಲ್ಲಿ ಮೊಟ್ಟೆ ಇಡೂಕೆ ನಾನೇ ಹೇಳ್ತೆ."